ಓದುಗರ ಪ್ರಶ್ನೆ: ದೀಪವಿಲ್ಲದ ಊರು, ಅಗಸಿಯಿಲ್ಲದ ಊರು

ಊರು ಹುಟ್ಟುವ, ಬೆಳೆಯುವ, ಸ್ಥಳ ಬದಲಿಸುವ ಬಗೆಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿರೆಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಒಕ್ಕಲು ಮನೆಗಳಿಂದ ಬಂದಿವೆ. ಎಲ್ಲಕ್ಕೂ ಒಂದೇ ಅಳತೆಯ ಉತ್ತರ ಬರೆಯಲಾಗಿಲ್ಲ. ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು, ಕೆಲವು ಕೈ ಬಿಡಲೇ ಇಲ್ಲ.

ಪ್ರಶ್ನೆ: ನಮ್ಮ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಗ್ರಾಮದ ಹೆಸರೆಂದು ಬರೆದಿರುವ ಊರು ಸುತ್ತಮುತ್ತ ಎಲ್ಲಿಯೂ ಇಲ್ಲ. ಆ ಸೀಮೆಯಲ್ಲಿ ಒಂದು ಹನುಮಪ್ಪನ ಗುಡಿ, ಹಾಳುಬಾವಿ, ಎರಡು ಬೇವಿನ ಮರ ಮಾತ್ರ ಇವೆ. ತಲಾಠಿಯವರನ್ನು ಕೇಳಿದರೆ “ಅದು ಬೇಚರಾಕ್” ಎಂದಷ್ಟೇ ಹೇಳಿದರು. ಹಾಗೆಂದರೇನು? (ಓದುಗರೊಬ್ಬರು, ಇಂಡಿ ತಾಲ್ಲೂಕು)

ಉತ್ತರ: ಪಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದ. ಸಂಜೆ ದೀಪ ಹಚ್ಚುವ ಮನೆ ಒಂದೂ ಉಳಿಯದ ಊರನ್ನು ಕಂದಾಯದ ಬರಹಗಾರರು ‘ಬೇಚಿರಾಗ್’ ಎಂದು ಬರೆದರು. ನಮ್ಮ ನಾಲಿಗೆಯಲ್ಲಿ ಅದು ಬೇಚರಾಕ್ ಆಯಿತು. ಸರಕಾರಿ ದಫ್ತರದಲ್ಲಿ ಇಷ್ಟು ಕವಿತ್ವವಿರುವ ಇನ್ನೊಂದು ಶಬ್ದವನ್ನು ನಾನು ಕಂಡಿಲ್ಲ. ಜನ ಹೋದರೂ ಊರಿನ ಸೀಮೆ ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬೈ ಸರಕಾರ ಈ ಭಾಗದ ಹೊಲಗಳನ್ನು ಸರಪಳಿಯಿಂದ ಅಳೆಸಿ, ಪ್ರತಿ ತುಂಡಿಗೂ ಸರ್ವೆ ನಂಬರು ಕೊಟ್ಟು, ಮಣ್ಣಿನ ಗುಣವನ್ನು ಆಣೆಗಳ ಲೆಕ್ಕದಲ್ಲಿ ಗೊತ್ತುಪಡಿಸಿತು. ಅಂದು ಊರಿನ ಹೆಸರಿನಲ್ಲಿ ಕಟ್ಟಿದ ನಕಾಶೆ ಇಂದಿಗೂ ನಡೆಯುತ್ತಿರುವುದರಿಂದ, ಒಕ್ಕಲಿಲ್ಲದ ಊರೂ ಕಾಗದದ ಮೇಲೆ ಪೂರ್ಣ ಗ್ರಾಮವೇ ಆಗಿದೆ. ಪಂಚಾಯಿತಿಯ ಕೆಲಸಕ್ಕೆ ಮಾತ್ರ ಅದನ್ನು ನೆರೆಯ ಊರಿನೊಂದಿಗೆ ಸೇರಿಸಿರುತ್ತಾರೆ.

ಊರು ಏಕೆ ಹಾಳಾಯಿತೆಂಬುದಕ್ಕೆ ಒಂದೇ ಕಾರಣವಿರುವುದಿಲ್ಲ. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು 1876ರಿಂದ 1878ರವರೆಗಿನ ಬರಗಾಲದ್ದು. ಆಗ ವಿಜಯಪುರವೂ ಬಾಗಲಕೋಟೆಯೂ ಕಲಾದಗಿ ಜಿಲ್ಲೆಗೆ ಸೇರಿದ್ದವು. ದಕ್ಷಿಣ ಭಾರತದಲ್ಲೇ ಅತಿ ಹೆಚ್ಚು ಜನರನ್ನು ಕಳೆದುಕೊಂಡ ಜಿಲ್ಲೆಗಳಲ್ಲಿ ಅದೂ ಒಂದು. ಸತ್ತವರು ಸತ್ತರು, ಬದುಕಿದವರು ಗುಳೆ ಹೋದರು, ಮರಳಿ ಬಂದವರಿಗೆ ಹತ್ತು ಮನೆಯ ಊರಿನಲ್ಲಿ ಒಂಟಿಯಾಗಿರುವ ಧೈರ್ಯವಿರಲಿಲ್ಲ. ಮುಂದೆ 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಕೆಲವೇ ವರ್ಷಗಳಲ್ಲಿ ಇತ್ತಲೂ ಹಬ್ಬಿತು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಹಾಗೆ ಹೊರಬಿದ್ದವರು ಮರಳಿ ಹಳೆಯ ಮನೆಗೆ ಹೋಗದೆ ನೆಲೆ ಬದಲಿಸಿದ ಕಥೆಗಳನ್ನು ಅನೇಕ ಮನೆತನಗಳಲ್ಲಿ ಹೇಳುತ್ತಾರೆ. ಇವೆರಡೂ ಅಲ್ಲದಿದ್ದರೆ ಬಾವಿ ಸವುಳಾಗಿರಬಹುದು, ಹಳ್ಳ ದಾರಿ ಬದಲಿಸಿರಬಹುದು, ಅಥವಾ ದರೋಡೆಯ ಕಾಲದಲ್ಲಿ ಸಣ್ಣ ಊರಿನವರು ಹುಡೇವು (ಕಾವಲಿನ ಬುರುಜು) ಇದ್ದ ದೊಡ್ಡ ಊರನ್ನು ಸೇರಿರಬಹುದು.

ನಿಮ್ಮ ಹೊಲದಲ್ಲಿ ನೇಗಿಲಿಗೆ ಕರಿ ಮಡಕೆಯ ಚೂರು, ಬಳೆಯ ಒಡಕು, ಬೀಸುಕಲ್ಲಿನ ತುಂಡು ತಾಗುತ್ತಿದ್ದರೆ, ಮಣ್ಣು ಯರಿಯಂತೆ ಕಪ್ಪಾಗಿರದೆ ಬೂದಿಯ ಬಣ್ಣಕ್ಕಿದ್ದರೆ, ಅದೇ ಹಳೆಯ ಗಾವಠಾಣ, ಅಂದರೆ ಊರಿನ ಮನೆಗಳಿದ್ದ ಜಾಗ. ಆ ಬೂದುಮಣ್ಣಿನಲ್ಲಿ ಎಷ್ಟೋ ತಲೆಮಾರಿನ ಒಲೆಯ ಬೂದಿಯೂ ದನದ ಸಗಣಿಯೂ ಬೆರೆತಿರುವುದರಿಂದ ಹಿಂದೆ ರೈತರು ಅದನ್ನು ಗಾಡಿಗಟ್ಟಲೆ ಹೇರಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಹಾಗಾಗಿ ಅನೇಕ ಹಾಳೂರುಗಳು ಬೆಳೆಯಾಗಿ ಕರಗಿಹೋದವು. ಹನುಮಪ್ಪ ಮಾತ್ರ ಉಳಿದ. ಶ್ರಾವಣದ ಶನಿವಾರ ಆ ಗುಡಿಗೆ ಎಣ್ಣೆ ಹಾಕಲು ಯಾವ ಊರಿನ ಯಾವ ಮನೆಯವರು ಬರುತ್ತಾರೆಂದು ವಿಚಾರಿಸಿ ನೋಡಿ. ದೀಪವಿಲ್ಲದ ಊರಿನ ಒಕ್ಕಲು ಎಲ್ಲಿಗೆ ಹೋಯಿತೆಂಬುದಕ್ಕೆ ಯಾವ ದಾಖಲೆಗಿಂತಲೂ ಅದು ಹತ್ತಿರದ ಸಾಕ್ಷಿ.

ಪ್ರಶ್ನೆ: ಊರ ಹೆಸರಿನ ಮುಂದೆ ‘ಖುರ್ದ’, ‘ಬುದ್ರುಕ’ ಎಂದು ಏಕಿರುತ್ತದೆ? (ವಿದ್ಯಾರ್ಥಿನಿ, ಕಾಗವಾಡ ತಾಲ್ಲೂಕು)

ಉತ್ತರ: ಎರಡೂ ಪಾರಸಿಯಿಂದ ಬಂದವು. ಖುರ್ದ ಎಂದರೆ ಚಿಕ್ಕದು. ಬುದ್ರುಕ ಎಂಬುದು ‘ಬುಜುರ್ಗ್’ ಎಂಬುದರ ರೂಪಾಂತರವಾಗಿದ್ದು ದೊಡ್ಡದು, ಹಿರಿಯದು ಎಂಬ ಅರ್ಥ ಕೊಡುತ್ತದೆ. ಒಂದೇ ಹೆಸರಿನ ಎರಡು ಊರುಗಳನ್ನು ಲೆಕ್ಕದಲ್ಲಿ ಬೇರೆ ಮಾಡಲು ಆದಿಲಶಾಹಿ ಮತ್ತು ಮರಾಠರ ಕಾಲದ ಬರಹಗಾರರು ಇವನ್ನು ಬಳಸಿದರು. ಕನ್ನಡದವರು ಅದೇ ಕೆಲಸವನ್ನು ಹಿರೇ, ಚಿಕ್ಕ ಎಂಬ ಮಾತುಗಳಿಂದ ಮಾಡುತ್ತಿದ್ದರು. ಜಮಖಂಡಿಯ ಕಡೆಗೆ ಹೋದರೆ ಹಿರೇಪಡಸಲಗಿಯೂ ಚಿಕ್ಕಪಡಸಲಗಿಯೂ ಇವೆ. ಇಂದಿನ ಗಾತ್ರ ನೋಡಿ ಹೆಸರನ್ನು ಅಳೆಯಬಾರದು. ನಿಮ್ಮ ಕಡೆಯ ಉಗಾರವನ್ನೇ ನೋಡಿ: ಸಕ್ಕರೆ ಕಾರ್ಖಾನೆ ಬಂದದ್ದು ಉಗಾರ ಖುರ್ದಕ್ಕೆ, ಅದರಿಂದ ‘ಚಿಕ್ಕ’ದೇ ಪಟ್ಟಣದಂತೆ ಬೆಳೆಯಿತು.

ಪ್ರಶ್ನೆ: ಹಳೆಯ ಮನೆ ಕೆಡವಿ ಪಾಯ ತೋಡುವಾಗ ಚಪ್ಪಡಿ ಮುಚ್ಚಿದ ಒಂದು ಕುಣಿ ಸಿಕ್ಕಿತು. ಬಾಯಿ ಸಣ್ಣದು, ಒಳಗೆ ಹರವಿಯಂತೆ ಅಗಲವಾಗಿದೆ. ಹಿರಿಯರು ಹಗೇವು ಎನ್ನುತ್ತಾರೆ, ಇಳಿಯಲು ಬಿಡುತ್ತಿಲ್ಲ. ಇದು ಮೂಢನಂಬಿಕೆಯೇ? (ಓದುಗರೊಬ್ಬರು, ಹುನಗುಂದ)

ಉತ್ತರ: ಅಲ್ಲ, ಖಂಡಿತ ಅಲ್ಲ. ನಿಮ್ಮ ಹಿರಿಯರ ಮಾತನ್ನು ಮೀರಬೇಡಿ. ಹಗೇವೆಂದರೆ ಕಾಳು ಕೂಡಿಡುವ ನೆಲದೊಳಗಿನ ಕುಣಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಮುಗಿದು ಅಂಗಾರಾಮ್ಲ ವಾಯು (ಇಂಗಾಲದ ಡೈಆಕ್ಸೈಡ್) ತುಂಬುತ್ತದೆ. ಆ ಗಾಳಿ ಭಾರವಾದ್ದರಿಂದ ಬಾಯಿ ತೆರೆದರೂ ತಾನಾಗಿ ಮೇಲೆ ಏಳುವುದಿಲ್ಲ. ಹಳಬರು ಚಪ್ಪಡಿ ಸರಿಸಿ ಒಂದು ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ನಂದಿದರೆ ಇಳಿಯುತ್ತಿರಲಿಲ್ಲ. ಆದರೆ ದೀಪ ಉರಿಯುತ್ತಿದೆಯೆಂಬ ಒಂದೇ ಕಾರಣಕ್ಕೆ ಇಳಿಯುವುದೂ ಪೂರ್ಣ ಭರವಸೆಯ ಮಾತಲ್ಲ. ಒಬ್ಬ ಒಳಗೆ ಬಿದ್ದಾಗ ಅವನನ್ನು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಮೃತರಾಗುವುದು ಇಂಥ ಕುಣಿಗಳ ಹಳೆಯ ಚಾಳಿ. ನೋಡಲೇಬೇಕೆಂದಿದ್ದರೆ ಮೇಲಿಂದ ಬ್ಯಾಟರಿ ಹಾಕಿ ನೋಡಿ. ಇಳಿಯುವ ಅಗತ್ಯ ಬಿದ್ದರೆ ಅಗ್ನಿಶಾಮಕ ದಳದವರನ್ನು ಕರೆಯಿರಿ.

ಇನ್ನು ಅದರ ಕೌಶಲದ ಮಾತು. ನೀರು ಬಸಿಯದ ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಅಗಲವಾಗಿ ಕೊರೆಯುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಒಣ ಹುಲ್ಲು, ಹೊಟ್ಟು ಒತ್ತಿ, ಚೆನ್ನಾಗಿ ಒಣಗಿಸಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಎಳೆದು ಮಣ್ಣಿನಿಂದ ಮೆತ್ತುತ್ತಿದ್ದರು. ಗಾಳಿಯಿಲ್ಲದ ಕಡೆ ಹುಳು ಬದುಕುವುದಿಲ್ಲ. ಹೀಗಿಟ್ಟ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಗೋಡೆಗೆ ತಾಗಿದ ಕಾಳು ಮಾತ್ರ ಮುಗ್ಗಿ ವಾಸನೆ ಹಿಡಿಯುತ್ತಿತ್ತು, ಅದರ ರೊಟ್ಟಿಯ ರುಚಿಯನ್ನು ನನ್ನ ಅಜ್ಜಿ ಸಾಯುವವರೆಗೂ ಬೈಯುತ್ತಿದ್ದಳು. ಹಗೇವಿನ ಕಾಳು ಮೊಳಕೆಯ ಶಕ್ತಿ ಕಳೆದುಕೊಳ್ಳುವುದರಿಂದ ಬೀಜದ ಜೋಳವನ್ನು ಬೇರೆಯಾಗಿ, ಬೂದಿ ಬೆರೆಸಿ ಮಡಕೆಯಲ್ಲಿಯೋ ತೆನೆಯಾಗಿ ತೂಗುಹಾಕಿಯೋ ಇಡುತ್ತಿದ್ದರು.

“ಡೋಣಿ ಬೆಳೆದರೆ ಓಣೆಲ್ಲ ಕಾಳು” ಎಂದು ವಿಜಯಪುರದ ಕಡೆ ಹೇಳುತ್ತಾರೆ. ಡೋಣಿ ನದಿಯ ಎರಡೂ ದಂಡೆಯ ಯರಿಯಲ್ಲಿ ಹಿಂಗಾರಿ ಹದವಾಗಿ ಬಂದ ವರ್ಷ ಜೋಳವನ್ನು ಎಲ್ಲಿಡಬೇಕೆಂಬುದೇ ಚಿಂತೆ. ಬಾರದ ವರ್ಷ ತಿನ್ನುವುದೇನೆಂಬುದು ಚಿಂತೆ. ಹಗೇವು ಈ ಎರಡು ವರ್ಷಗಳ ನಡುವಿನ ಸೇತುವೆಯಾಗಿತ್ತು. ಎಷ್ಟೋ ಊರುಗಳಲ್ಲಿ ಹಗೇವು ಮನೆಯೊಳಗಿರದೆ ಓಣಿಯಲ್ಲಿ, ಚಾವಡಿಯ ಮುಂದೆ ಇರುತ್ತಿತ್ತು. ಕಳ್ಳರ ಭಯವಿಲ್ಲವೇ ಎಂದು ಕೇಳಬಹುದು. ಹಗೇವು ತೆರೆಯುವುದು ಅರ್ಧ ದಿನದ, ಹಲವು ಕೈಗಳ ಕೆಲಸ. ಇಡೀ ಓಣಿಯ ಕಣ್ಣೆದುರು ಅದನ್ನು ಕದಿಯುವುದು ಸಾಧ್ಯವಿರಲಿಲ್ಲ.

ಪ್ರಶ್ನೆ: ನಾನು ತೋಟದ ಶಾಲೆಯೊಂದರಲ್ಲಿ ಶಿಕ್ಷಕ. ಊರಲ್ಲಿ ಮನೆಗಳಿಗೆ ಬೀಗ, ಜನರೆಲ್ಲ ತೋಟಗಳಲ್ಲಿ. ಹೀಗೆಯೇ ಆದರೆ ಊರೆಂಬುದು ಉಳಿಯುವುದೇ? (ರಾಯಬಾಗ ತಾಲ್ಲೂಕು)

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ: ಸರಕಾರ ಶಾಲೆಯನ್ನೇ ತೋಟಕ್ಕೆ ತಂದಿದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಇಂತಿಂಥವರ ತೋಟದ ಶಾಲೆ ಎಂದು ಮನೆತನದ ಹೆಸರಿನಿಂದಲೇ ಕರೆಯಲ್ಪಡುವ ಸರಕಾರಿ ಶಾಲೆಗಳಿರುವುದನ್ನು ಹೊರಗಿನವರು ಕೇಳಿದರೆ ನಂಬುವುದಿಲ್ಲ.

ಇದು ನೀರಿನ ಕೆಲಸ. ಒಣಬೇಸಾಯದ ಯರಿ ಹೊಲಕ್ಕೆ ರೈತ ವರ್ಷದಲ್ಲಿ ಕೆಲವೇ ತಿಂಗಳು ಹೋಗುತ್ತಿದ್ದ. ಕುಡಿಯುವ ನೀರು ಊರ ಬಾವಿಯಲ್ಲಿ ಮಾತ್ರ ಇದ್ದುದರಿಂದ ಎಲ್ಲರ ಮನೆಯೂ ಬಾವಿಯ ಸುತ್ತ, ಅಗಸಿಯ (ಊರ ಹೆಬ್ಬಾಗಿಲಿನ) ಒಳಗೆ, ಗೋಡೆಗೆ ಗೋಡೆ ಅಂಟಿಕೊಂಡು ಇದ್ದವು. ಮಾಳಿಗೆಯಿಂದ ಮಾಳಿಗೆಗೆ ನಡೆದೇ ಊರ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ಘಟಪ್ರಭೆಯ ನೀರು ಇದನ್ನು ಸಡಿಲಿಸಿತು. ಧೂಪದಾಳದ ಒಡ್ಡಿನಿಂದ ಗೋಕಾಕ ಕಾಲುವೆ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಹರಿಯಿತು. ಹಿಡಕಲ್ ಜಲಾಶಯ 1970ರ ದಶಕದಲ್ಲಿ ಮುಗಿದ ಮೇಲೆ ಕಾಲುವೆಯ ಸೀಮೆ ವಿಸ್ತಾರವಾಯಿತು. ಕೃಷ್ಣೆಯ ದಂಡೆಯವರು ಪಂಪು ಕೂಡಿಸಿ, ಮೈಲುಗಟ್ಟಲೆ ಪೈಪು ಹೂಳಿ ಮಡ್ಡಿಗೂ ನೀರೇರಿಸಿದರು. ಕಬ್ಬು ಬಂದಿತು. ಕಬ್ಬಿಗೆ ನೀರು ಬಿಡುವುದು ಕರೆಂಟು ಇದ್ದಾಗ, ಮೂರು ಫೇಸಿನ ಕರೆಂಟು ಬರುವುದು ಬಹಳ ಸಲ ರಾತ್ರಿ. ಅರ್ಧರಾತ್ರಿ ಎದ್ದು ಮೂರು ಮೈಲು ನಡೆಯುವುದಕ್ಕಿಂತ ಅಲ್ಲಿಯೇ ಮಲಗುವುದು ಲೇಸೆಂದು ಮೊದಲು ಒಂದು ತಗಡಿನ ಶೆಡ್ಡು ಎದ್ದಿತು, ಆಮೇಲೆ ಎಮ್ಮೆ ಬಂದವು, ಎಮ್ಮೆಯ ಹಿಂದೆ ಮನೆಯ ಹೆಣ್ಣುಮಕ್ಕಳು ಬಂದರು, ಕೊನೆಗೆ ಆರ್‌ಸಿಸಿ ಮನೆ.

ಈ ಬದಲಾವಣೆಯಲ್ಲಿ ಕಳೆದದ್ದನ್ನೇ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಡ ಹೊತ್ತು ಊರ ಬಾವಿಯ ಮೆಟ್ಟಿಲು ಇಳಿದು ಹತ್ತುತ್ತಿದ್ದ ಹೆಂಗಸಿಗೆ ಅಂಗಳದಲ್ಲಿಯೇ ಕೊಳವೆಬಾವಿಯ ನೀರು ಸಿಕ್ಕಿತು. ಆದರೆ ನೆರೆಮನೆ ದೂರವಾಯಿತು. ಬೀಸುವ, ಹಪ್ಪಳ ಒತ್ತುವ, ಕೌದಿ ಹೊಲಿಯುವ ಕೆಲಸಗಳಿಗೆ ನಾಲ್ಕು ಮಂದಿ ಕೂಡುತ್ತಿದ್ದ ಪಡಸಾಲೆ ಬರಿದಾಯಿತು. ತೋಟದ ವಸ್ತಿಯಲ್ಲಿ ಒಂಟಿಯಾಗಿರುವ ಮುದುಕಿಗೆ ರಾತ್ರಿ ಎದೆನೋವು ಬಂದರೆ ಕರೆಯುವ ದೂರದಲ್ಲಿ ಯಾರೂ ಇರುವುದಿಲ್ಲ. ಭಜನೆಯ ಮೇಳಗಳು ವಾರಕ್ಕೊಮ್ಮೆ ಮೋಟರ್‌ಸೈಕಲ್ಲಿನ ಮೇಲೆ ಊರಿಗೆ ಬಂದು ಹಾಡಿ ಹೋಗುವಂತಾಗಿವೆ.

ಊರು ಉಳಿಯುವುದೇ ಎಂಬುದಕ್ಕೆ ಒಂದು ದೃಷ್ಟಾಂತ ಹೇಳುತ್ತೇನೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂದು ಹೆಸರಾಯಿತು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು, 1991ರಲ್ಲಿ ರಾಮಕೃಷ್ಣ ಹೆಗಡೆಯವರಂಥವರ ಎದುರು ಲೋಕಸಭೆಗೆ ಆರಿಸಿ ಕಳುಹಿಸಿದರು. ಅಷ್ಟು ಊರಿನ ರೈತರು ಅಂದು ಕೂಡಿದ್ದು ಅಗಸಿಯ ಕಟ್ಟೆಯ ಸಲುವಾಗಿ ಅಲ್ಲ, ನೀರಿನ ಸಲುವಾಗಿ. ಜನರನ್ನು ಚದುರಿಸಿದ ನೀರೇ ಅಲ್ಲಿ ಜನರನ್ನು ಕೂಡಿಸಿತು. ನಿಮ್ಮ ತೋಟದ ಶಾಲೆಯ ಗ್ಯಾದರಿಂಗಿಗೆ ಸುತ್ತಲಿನ ಎಷ್ಟು ತೋಟಗಳವರು ಬರುತ್ತಾರೆಂದು ನೋಡಿ. ಅಷ್ಟು ನಿಮ್ಮ ಹೊಸ ಊರು.

ಪ್ರಶ್ನೆ: ಆಲಮಟ್ಟಿಯ ಹಿನ್ನೀರಿನಲ್ಲಿ ನಮ್ಮ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದೇವೆ. ಇಲ್ಲಿ ರಸ್ತೆ ನೆಟ್ಟಗಿವೆ, ಪ್ಲಾಟಿಗೆ ನಂಬರಿದೆ, ಅಗಸಿ ಮಾತ್ರ ಇಲ್ಲ. ಕಾರಹುಣ್ಣಿಮೆಯ ಕರಿ ಎಲ್ಲಿ ಹರಿಯಬೇಕೆಂದು ಪ್ರತಿವರ್ಷ ಜಗಳ. ಹೊಸದಾಗಿ ಅಗಸಿ ಕಟ್ಟಬಹುದೇ? (ಓದುಗರು, ಬೀಳಗಿ ತಾಲ್ಲೂಕು)

ಉತ್ತರ: ಕಟ್ಟಬಹುದು, ಆದರೆ ಅಗಸಿ ಏನೇನಾಗಿತ್ತು ಎಂಬುದನ್ನು ಮೊದಲು ನೆನೆಯೋಣ. ಅದು ಬರಿ ಬಾಗಿಲಲ್ಲ. ರಾತ್ರಿ ಕದ ಹಾಕುವ ಕಾವಲು, ಮದುವೆಯ ದಿಬ್ಬಣ ನಿಲ್ಲುವ ಸ್ಥಳ, ಹೊಲಕ್ಕೆ ಹೋಗುವವರು ಹವೆ ನೋಡಿ ಮಾತಾಡುವ ಕಟ್ಟೆ, ಹನುಮಪ್ಪನ ನೆರೆ, ಎಲ್ಲವೂ ಅದೇ. ಕಾರಹುಣ್ಣಿಮೆಯ ಸಂಜೆ ಬೇವಿನ ತೊಪ್ಪಲು ಕಟ್ಟಿದ ಹಗ್ಗವನ್ನು ಅಗಸಿಗೆ ಅಡ್ಡಲಾಗಿ ಕಟ್ಟಿ ಎತ್ತುಗಳನ್ನು ಓಡಿಸುತ್ತಿದ್ದರು; ಎತ್ತು ಆ ಹಗ್ಗ ಹರಿಯುವುದೇ ಕರಿ ಹರಿಯುವುದು. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ ಜೋಳ ಚೆನ್ನಾಗಿ ಬರುವುದೆಂದೂ ಕೆಂದೆತ್ತು ಹರಿದರೆ ಮುಂಗಾರಿ ಬೆಳೆ ಒಳ್ಳೆಯದೆಂದೂ ನಂಬಿಕೆ. ಒಳಗು ಹೊರಗು ಎಂಬ ಗೆರೆ ಇಲ್ಲದಿದ್ದರೆ ಎತ್ತು ದಾಟಬೇಕಾದದ್ದು ಯಾವುದನ್ನು? ನಿಮ್ಮ ಜಗಳದ ಬೇರು ಅಲ್ಲಿದೆ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ನೀರು 519.60 ಮೀಟರಿಗೆ ನಿಲ್ಲುವಷ್ಟರಲ್ಲಿ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೂ ಕೊಲ್ಹಾರವೂ ಕೃಷ್ಣೆ, ಘಟಪ್ರಭೆಗಳ ದಂಡೆಯ ಬಹಳಷ್ಟು ಹಳ್ಳಿಗಳೂ ನೆಲೆ ಬಿಡಬೇಕಾಯಿತು. ಬಾಗಲಕೋಟೆಗೆ ಸೆಕ್ಟರುಗಳ ನವನಗರ ಬಂದಿತು. ಕೊಲ್ಹಾರ ಎತ್ತರಕ್ಕೆ ಬಂದರೂ ತನ್ನ ಗಡಿಗೆಯ ಗಟ್ಟಿ ಮೊಸರನ್ನು ಬಿಡಲಿಲ್ಲ. ಊರು ಮುಳುಗಿದರೂ ಹೆಪ್ಪು ಮುಳುಗಲಿಲ್ಲ ಎನ್ನಬೇಕು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿರುವುದರಿಂದ, ನಿಮ್ಮ ಪ್ರಶ್ನೆಯನ್ನು ಮುಂದೆ ಇನ್ನೂ ಹಲವು ಊರಿನವರು ಕೇಳುವವರಿದ್ದಾರೆ.

ಪುನರ್ವಸತಿಯ ನಕಾಶೆ ಮಾಡಿದವರು ಮನೆಗಳನ್ನು ಎಣಿಸಿದರು, ಓಣಿಗಳನ್ನು ಎಣಿಸಲಿಲ್ಲ. ಬಣವಿ ಒಟ್ಟಲು, ತಿಪ್ಪೆ ಹಾಕಲು, ದನ ಕಟ್ಟಲು ಪ್ಲಾಟಿನಲ್ಲಿ ಸ್ಥಳವಿಲ್ಲದೆ ಒಕ್ಕಲುತನವೇ ಇಕ್ಕಟ್ಟಿಗೆ ಸಿಕ್ಕಿತು. ಇದು ನ್ಯಾಯವಾದ ದೂರು. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಹಳೆಯ ಅಗಸಿ ಎಲ್ಲರನ್ನೂ ಒಳಗೆ ಇಟ್ಟುಕೊಂಡಿರಲಿಲ್ಲ. ಊರ ಸೇವೆಯನ್ನೆಲ್ಲ ಮಾಡಿದ ಹೊರಕೇರಿಯವರು ಗೋಡೆಯ ಆಚೆಗಿದ್ದರು, ಅವರಿಗೆ ಬಾವಿಯೂ ಬೇರೆ. ನೆಟ್ಟನೆಯ ರಸ್ತೆಗಳ ಹೊಸ ಊರಿನಲ್ಲಿ ಲಾಟರಿ ಎತ್ತಿ ಪ್ಲಾಟು ಹಂಚಿದ ಕಡೆ ಆ ಗೆರೆ ಮಸುಕಾಯಿತು. ಜಾತಿಗೊಂದು ಸಾಲು ಬೇಡಿ ಪಡೆದ ಕಡೆ ಅದು ಸಿಮೆಂಟಿನಲ್ಲಿ ಮರಳಿ ಮೂಡಿತು. ನೀವು ಕಮಾನು ಕಟ್ಟುವುದಾದರೆ ಕೇಂದ್ರದ ಕೊನೆಯ ಮನೆಯೂ ಒಳಗೆ ಬರುವಂತೆ, ಮುಖ್ಯ ರಸ್ತೆಯಿಂದ ತಿರುಗುವ ಮೂಲೆಯಲ್ಲಿ ಕಟ್ಟಿ. ಕರಿಯ ಹಗ್ಗ ಹಿಡಿಯುವ ಕೈಗಳನ್ನು ಪ್ರತಿವರ್ಷ ಒಂದೊಂದು ಸಾಲಿನವರಿಗೆ ಬಿಟ್ಟುಕೊಟ್ಟರೆ ಜಗಳಕ್ಕೆ ಆಸ್ಪದ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದು ಪಟ್ಟಣ ಪಂಚಾಯಿತಿ ಆಗಿದೆ. ಬಾಗಿಲಲ್ಲಿ ಇನ್ನೂ ಎತ್ತು ಕಟ್ಟುತ್ತೇವೆ. ನಾವು ಹಳ್ಳಿಯವರೋ ಪಟ್ಟಣದವರೋ? (ವಿಜಯಪುರ ಜಿಲ್ಲೆ)

ಉತ್ತರ: ಜನಗಣತಿಯವರ ಪ್ರಕಾರ ಸ್ಥಳೀಯ ಪುರಾಡಳಿತವಿರುವ ಊರು ಪಟ್ಟಣವೇ. ಅದಿಲ್ಲದಿದ್ದರೆ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400ರಷ್ಟು ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಒಕ್ಕಲುತನದ ಹೊರಗಿರಬೇಕು. ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿಗೆ ಸಾಮಾನ್ಯವಾಗಿ 10,000ದಿಂದ 20,000ದವರೆಗಿನ ಜನಸಂಖ್ಯೆ ಅಳತೆ. ಕಾನೂನಿನ ಮಾತು ಇಷ್ಟು.

ನಮ್ಮ ಕಡೆ ಪಟ್ಟಣವನ್ನು ಗುರುತಿಸುವುದು ಸಂತೆಯಿಂದ. ಸುತ್ತಲಿನ ಹಳ್ಳಿಗಳವರು ವಾರಕ್ಕೊಮ್ಮೆ ಎಲ್ಲಿಗೆ ಬರಬೇಕಾಗುತ್ತದೋ ಅದು ಪೇಟೆ. ನೆರೆಯ ಊರುಗಳ ಸಂತೆಗಳು ಬೇರೆ ಬೇರೆ ವಾರಕ್ಕಿರುವುದು ತಿರುಗಾಡುವ ವ್ಯಾಪಾರಿಯ ಅನುಕೂಲಕ್ಕಾಗಿ. ಮಹಾಲಿಂಗಪುರದ ಬೆಲ್ಲ, ಅಮೀನಗಡದ ಕುರಿಸಂತೆ, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಇವುಗಳ ಮೇಲೆ ನಿಂತ ಊರುಗಳಲ್ಲಿಯೂ ಒಕ್ಕಲುತನ ಕೈಬಿಟ್ಟಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಇಂದು ಎರಡೂ ಕೂಡಿ ಒಂದೇ ನಗರಸಭೆ, ಒಂದೇ ಓಣಿಯಲ್ಲಿ ಮಗ್ಗದ ಸಪ್ಪಳವೂ ಎಮ್ಮೆಯ ಕೂಗೂ ಕೇಳುತ್ತವೆ. ಎತ್ತು ಕಟ್ಟಲು ಸಂಕೋಚ ಬೇಡ. ಆದರೆ ಕರದ ಚೀಟಿ ಪಟ್ಟಣದ್ದೇ ಬರುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಸಿಗುವುದಿಲ್ಲ; ಆ ಹಾನಿಯ ವಿಷಯ ಮೇಲ್ದರ್ಜೆಗೆ ಏರಿದ ದಿನ ಪಟಾಕಿ ಹಾರಿಸಿದವರು ಹೇಳಿರುವುದಿಲ್ಲ.

ಪ್ರಶ್ನೆ: ನಮ್ಮ ತಾಂಡಾ ಕಂದಾಯ ಗ್ರಾಮವಾಗಿದೆ ಎನ್ನುತ್ತಾರೆ. ಇದರಿಂದ ಏನು ಬದಲಾಗುತ್ತದೆ? (ಓದುಗರು, ಬಸವನ ಬಾಗೇವಾಡಿ ತಾಲ್ಲೂಕು)

ಉತ್ತರ: ಬೇಚರಾಕ್ ಊರು ದಫ್ತರದಲ್ಲಿದೆ, ನೆಲದ ಮೇಲಿಲ್ಲ. ನಿಮ್ಮ ತಾಂಡಾ ಅದಕ್ಕೆ ತದ್ವಿರುದ್ಧ: ನೆಲದ ಮೇಲೆ ನೂರು ದೀಪ ಉರಿಯುತ್ತಿದ್ದರೂ ದಫ್ತರದಲ್ಲಿ ಬೇರೊಂದು ಊರಿನ ಸರ್ವೆ ನಂಬರಿನೊಳಗಿನ ಮನೆಗಳು ಮಾತ್ರ. ಮನೆಯ ಕೆಳಗಿನ ನೆಲ ಸರಕಾರದ್ದೋ ಯಾರೋ ಹೊಲದವರದ್ದೋ ಆಗಿದ್ದುದರಿಂದ ಸಾಲ ಸಿಗುತ್ತಿರಲಿಲ್ಲ, ಮಾರಾಟ ಸಾಧ್ಯವಿರಲಿಲ್ಲ. 1964ರ ಭೂಕಂದಾಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಇಂಥ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮವಾಗಿಸಿ, ವಾಸವಿರುವವರಿಗೆ ಹಕ್ಕುಪತ್ರ ಕೊಡುವ ದಾರಿ ತೆರೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದಾಗ ವಿಜಯಪುರ ಜಿಲ್ಲೆಯವರೂ ಅದರಲ್ಲಿದ್ದರು.

ಹಕ್ಕುಪತ್ರ ಕೈಗೆ ಬಂದರೆ ಕೆಲಸ ಮುಗಿಯುವುದಿಲ್ಲ. ಅದು ನೋಂದಣಿಯಾಗಿ, ಪಂಚಾಯಿತಿಯ ಆಸ್ತಿ ಪುಸ್ತಕದಲ್ಲಿ ಏರಿರಬೇಕು. ಹೆಸರು, ಅಳತೆ, ಚಕ್ಕುಬಂದಿ ಸರಿಯಿವೆಯೇ ಎಂದು ಓದಿಸಿಕೊಳ್ಳಿ. ಅಳತೆಯ ತಂಡ ಬರುವಾಗ ನೀವು ಊರಲ್ಲಿರುವುದು ಮುಖ್ಯ. ದೀಪಾವಳಿಯಾದ ಮೇಲೆ ತಾಂಡಾದ ಅರ್ಧ ಜನ ಕಬ್ಬು ಕಡಿಯಲು ಕಾರ್ಖಾನೆಗಳ ಸೀಮೆಗೆ ಗುಳೆ ಹೋಗಿ ಯುಗಾದಿಯ ಹೊತ್ತಿಗೆ ಮರಳುತ್ತಾರೆ. ಆ ತಿಂಗಳುಗಳಲ್ಲಿ ಮುಚ್ಚಿದ ಬಾಗಿಲನ್ನು ನೋಡಿ ಯಾರೂ ವಾಸವಿಲ್ಲವೆಂದು ಬರೆದುಕೊಂಡು ಹೋಗುವ ಅಪಾಯವಿದೆ. ನಾಯಕ, ಡಾವ, ಕಾರಭಾರಿ ಎಂಬ ನಿಮ್ಮ ಹಳೆಯ ಪಂಚರ ವ್ಯವಸ್ಥೆ ಇನ್ನೂ ನಡೆಯುತ್ತಿದ್ದರೆ, ಉಳಿದವರ ಮನೆಗಳ ಯಾದಿಯನ್ನು ಅವರಿಂದ ಸಹಿ ಮಾಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಅಟ್ಟದ ಮೇಲೆ ಮುತ್ತಜ್ಜನ ಲೆಕ್ಕದ ಪುಸ್ತಕ ಸಿಕ್ಕಿದೆ. ಕೆಲವು ಪುಟಗಳಲ್ಲಿ ‘ಆಯ’ ಎಂದು ಬರೆದು ಬಡಿಗೇರ, ಕಂಬಾರ, ಹಡಪದ, ಮಡಿವಾಳ ಎಂಬ ಹೆಸರುಗಳ ಮುಂದೆ ಜೋಳದ ಲೆಕ್ಕವಿದೆ. ಉಳಿದ ಪುಟಗಳ ಲಿಪಿ ನಮಗೆ ಓದಲು ಬರುವುದಿಲ್ಲ. (ಓದುಗರು, ಸವದತ್ತಿ ತಾಲ್ಲೂಕು)

ಉತ್ತರ: ಓದಲಾಗದ ಲಿಪಿ ಬಹುಶಃ ಮೋಡಿ, ಅಂದರೆ ಮರಾಠಿಯನ್ನು ಬರೆಯುತ್ತಿದ್ದ ಹಳೆಯ ಕೂಡುಬರಹ. ಮುಂಬೈ ಸರಕಾರದ ಆಳ್ವಿಕೆಯ ಈ ಭಾಗದಲ್ಲಿಯೂ ಪಟವರ್ಧನ, ಘೋರ್ಪಡೆ ಸಂಸ್ಥಾನಗಳಲ್ಲಿಯೂ ಕುಲಕರ್ಣಿಗಳ ಲೆಕ್ಕ ಬಹಳ ಕಾಲ ಮೋಡಿಯಲ್ಲಿ ನಡೆಯಿತು. ಇನ್ನು ‘ಆಯ’ವೆಂಬುದು ಕೂಲಿಯಲ್ಲ, ದಾನವೂ ಅಲ್ಲ. ಬಡಿಗ ವರ್ಷವಿಡೀ ಕೂರಿಗೆ, ಕುಂಟೆ, ನೇಗಿಲು ಸರಿಪಡಿಸುತ್ತಾನೆ, ಕಂಬಾರ ಕುಳ ಬಡಿದು ಕೊಡುತ್ತಾನೆ, ಹಡಪದ ಕ್ಷೌರ ಮಾಡುತ್ತಾನೆ, ಕುಂಬಾರ ಗಡಿಗೆ ಕೊಡುತ್ತಾನೆ. ಅಂದಂದಿಗೆ ರೊಕ್ಕದ ಮಾತಿಲ್ಲ. ಸುಗ್ಗಿಯಲ್ಲಿ ಹಂತಿ ಹೊಡೆದು, ರಾಶಿ ತೂರಿ, ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವಾಗ ಅವರೆಲ್ಲ ಕಣದಲ್ಲಿ ನಿಂತು ತಮ್ಮ ಪಾಲನ್ನು ಪಡೆಯುತ್ತಾರೆ. ಬೆಳೆ ಬಂದರೆ ಎಲ್ಲರಿಗೂ ಬಂದಿತು, ಹೋದರೆ ಎಲ್ಲರಿಗೂ ಹೋಯಿತು. ನಮ್ಮ ಅಡ್ಡಹೆಸರುಗಳಲ್ಲಿ ಇವತ್ತಿಗೂ ಉಳಿದಿರುವ ಬಡಿಗೇರ, ಪತ್ತಾರ, ಹೂಗಾರ, ತಳವಾರ, ವಾಲೀಕಾರ ಎಂಬವು ಆ ಯಾದಿಯ ಸಾಲುಗಳೇ.

ಪಾಲಿನ ಅಳತೆ ಎಲ್ಲರಿಗೂ ಒಂದೇ ಇರಲಿಲ್ಲವೆಂಬುದನ್ನು ನಿಮ್ಮ ಪುಸ್ತಕವೇ ತೋರಿಸಬಹುದು. ರಾಶಿಯ ಮೇಲಿನ ಶುದ್ಧ ಕಾಳು ಯಾರಿಗೆ, ಕಣದ ಮಣ್ಣು ಬೆರೆತ ತಳದ ಕಾಳು ಯಾರಿಗೆ ಎಂದು ನೋಡಿ. ಹೊರಕೇರಿಯವರಿಗೆ ಬಹಳ ಊರುಗಳಲ್ಲಿ ಆ ತಳದ ಕಾಳೇ ಪಾಲಾಗಿತ್ತು. ಗೌಡ, ಕುಲಕರ್ಣಿಯಂಥ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ತೆಗೆದುಹಾಕಿತು. ಬಡಿಗ, ಕಂಬಾರರ ಆಯವನ್ನು ಯಾವ ಕಾಯ್ದೆಯೂ ತೆಗೆಯಲಿಲ್ಲ. ಕಬ್ಬಿಣದ ನೇಗಿಲು, ಟ್ರ್ಯಾಕ್ಟರು, ಅಂಗಡಿಯ ಪ್ಲಾಸ್ಟಿಕ್ ಕೊಡ ಬಂದ ಹಾಗೆ ಅದು ಸದ್ದಿಲ್ಲದೆ ನಿಂತಿತು. ಹಾಗಾಗಿ ಅದು ನಿಮ್ಮ ಊರಿನಲ್ಲಿ ನಿಂತ ವರ್ಷ ಯಾವುದೆಂದು ತಿಳಿಯುವ ದಾರಿ ನಿಮ್ಮ ಮುತ್ತಜ್ಜನ ಪುಸ್ತಕದ ಕೊನೆಯ ಆಯದ ಪುಟ.

ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಹಿಡಿದು ಹಾಳೆಗಳು ಅಂಟಿಕೊಳ್ಳುತ್ತವೆ. ಒಗೆದು ಒಣಗಿಸಿದ ಬಿಳಿ ಅರಿವೆಯಲ್ಲಿ ಸುತ್ತಿ, ಗೆದ್ದಲು ಏರದಂತೆ ಗೋಡೆಯಿಂದ ದೂರ ಇಡಿ. ಪ್ರತಿ ಪುಟವನ್ನೂ ಹಗಲ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದುಕೊಂಡು, ಮೋಡಿ ಬಲ್ಲವರಿಗೆ ಆ ಚಿತ್ರಗಳನ್ನು ಮಾತ್ರ ಕಳುಹಿಸಿ. ಮೂಲವನ್ನು ಯಾರಿಗೂ ಕೊಟ್ಟು ಬರಬೇಡಿ.